ಅಮೆರಿಕದಲ್ಲಿ ರೂಫಿಂಗ್ ಗುತ್ತಿಗೆ: ಫೆಡರಲ್ ಸುರಕ್ಷತಾ ಕಾನೂನನ್ನು ಕೆಲಸದ ಜಾಗಕ್ಕೆ ತರುವುದು ಹೇಗೆ

ಅಮೆರಿಕದಲ್ಲಿ ಚಾವಣಿ ಕೆಲಸ ಜೀವಕ್ಕೆ ಅಪಾಯ ಇರುವ ಕೆಲಸ. 2023ರ ಸರ್ಕಾರಿ ಲೆಕ್ಕದಲ್ಲಿ ಒಂದು ಲಕ್ಷ ಪೂರ್ಣಾವಧಿ ರೂಫರ್‌ಗಳಿಗೆ ಸುಮಾರು 52 ಸಾವು. ಎಲ್ಲ ಉದ್ಯೋಗಗಳನ್ನೂ ಸೇರಿಸಿದರೆ ಈ ಪ್ರಮಾಣ 3.5 ಮಾತ್ರ. ಕಾಡಿನಲ್ಲಿ ಮರ ಕಡಿಯುವವರು, ಮೀನುಗಾರರು ಮತ್ತು ಬೇಟೆಗಾರರು ಬಿಟ್ಟರೆ ಅತಿ ಹೆಚ್ಚು ಸಾಯುವವರು ಇವರೇ. ಹೆಚ್ಚಿನವರು ಸಾಯುವುದು ಬಿದ್ದು.

ಈ ಲೇಖನ ಅಮೆರಿಕದಲ್ಲಿ ಸಣ್ಣ ಮಟ್ಟದ ರೂಫಿಂಗ್ ಅಥವಾ ಕಟ್ಟಡ ಗುತ್ತಿಗೆ ನಡೆಸುವ ಕನ್ನಡಿಗರಿಗಾಗಿ. ಅಂಗಡಿ ಮಳಿಗೆ, ಮೋಟೆಲ್, ಬಾಡಿಗೆ ಮನೆ ಇಟ್ಟುಕೊಂಡು ತಾವೇ ಆಳು ಕರೆಸಿ ರಿಪೇರಿ ಮಾಡಿಸುವವರಿಗೂ ಇದು ಬೇಕು. ಹೇಳಬೇಕಾದ ಮುಖ್ಯ ಮಾತು ಒಂದೇ: ಸುರಕ್ಷತೆಯ ತೀರ್ಮಾನ ಕೊಟೇಶನ್ ಬರೆಯುವಾಗಲೇ ಆಗಬೇಕು. ಹಾರ್ನೆಸ್ (ಬೀಳುವವರನ್ನು ಹಿಡಿಯಲು ಮೈಗೆ ತೊಡುವ ಪಟ್ಟಿ), ಆಂಕರ್ (ಅದರ ಹಗ್ಗ ಕಟ್ಟಲು ಚಾವಣಿಗೆ ಹೊಡೆಯುವ ಕೊಂಡಿ), ಅರ್ಧ ದಿನದ ಹೆಚ್ಚುವರಿ ಕೂಲಿ, ಇವು ಆ ಹಾಳೆಯಲ್ಲಿ ಇಲ್ಲದಿದ್ದರೆ ಚಾವಣಿ ಮೇಲೂ ಇರುವುದಿಲ್ಲ.

ಮೊದಲ ಹೆಜ್ಜೆ: ನಿಮ್ಮ ಮೇಲೆ ಯಾರ ಕಾನೂನು ನಡೆಯುತ್ತದೆ ನೋಡಿ

ಕೆಲಸದ ಜಾಗದ ಸುರಕ್ಷತೆ, ಆರೋಗ್ಯದ ಮೂಲ ಫೆಡರಲ್ ಕಾನೂನು 1970ರದು. ಆ ವರ್ಷದ ಡಿಸೆಂಬರ್ 29ರಂದು ಅಧ್ಯಕ್ಷ ನಿಕ್ಸನ್ ಸಹಿ ಹಾಕಿದರು. 1971ರ ಏಪ್ರಿಲ್‌ನಲ್ಲಿ ಅದು ಜಾರಿಗೆ ಬಂತು. ಅದನ್ನು ಜಾರಿ ಮಾಡಲು ಹುಟ್ಟಿದ ಇಲಾಖೆಯೇ ಓಶಾ (OSHA). ಕಟ್ಟಡ ಕೆಲಸದ ನಿಯಮಗಳೆಲ್ಲ ಫೆಡರಲ್ ನಿಯಮಾವಳಿಯ 1926 ಎಂಬ ಸಂಖ್ಯೆಯ ಭಾಗದಲ್ಲಿವೆ. ಬೀಳುವುದನ್ನು ತಡೆಯುವ ನಿಯಮಗಳು 1926.500ರಿಂದ 503ರವರೆಗೆ. ಈ ನಾಲ್ಕನ್ನು ಮುದ್ರಿಸಿ ಟ್ರಕ್ಕಿನಲ್ಲಿ ಇಟ್ಟುಕೊಳ್ಳಿ. ಓದಲು ಕಷ್ಟವೇನಲ್ಲ.

ಟೆಕ್ಸಾಸ್, ಫ್ಲೋರಿಡಾ, ಜಾರ್ಜಿಯಾದಂಥ ರಾಜ್ಯಗಳಲ್ಲಿ ಫೆಡರಲ್ ಓಶಾ ನೇರವಾಗಿ ಬರುತ್ತದೆ. ನ್ಯೂಜೆರ್ಸಿ, ಇಲಿನಾಯ್ ರಾಜ್ಯಗಳಲ್ಲೂ ಖಾಸಗಿ ಕಂಪನಿಗಳಿಗೆ ಫೆಡರಲ್ ಓಶಾನೇ. ಅಲ್ಲಿ ರಾಜ್ಯದ ವ್ಯವಸ್ಥೆ ಸರ್ಕಾರಿ ನೌಕರರಿಗಷ್ಟೇ. ಕ್ಯಾಲಿಫೋರ್ನಿಯಾ, ವಾಷಿಂಗ್ಟನ್, ಮಿಷಿಗನ್, ನಾರ್ತ್ ಕೆರೊಲಿನಾ, ವರ್ಜೀನಿಯಾ ತಮ್ಮದೇ ವ್ಯವಸ್ಥೆ ನಡೆಸುತ್ತವೆ. ಆದರೆ ರಾಜ್ಯದ ನಿಯಮ ಫೆಡರಲ್ ನಿಯಮದಷ್ಟಾದರೂ ಪರಿಣಾಮಕಾರಿ ಆಗಿರಲೇಬೇಕು.

ಈ ಷರತ್ತು ಬರೀ ಮಾತಲ್ಲ. ಬೀಳದಂತೆ ಏರ್ಪಾಡು ಮಾಡಲೇಬೇಕಾದ ಎತ್ತರ ಫೆಡರಲ್ ನಿಯಮದಲ್ಲಿ 6 ಅಡಿ. ಅರಿಜೋನಾ 2012ರಲ್ಲಿ ಮನೆ ಕಟ್ಟುವ ಕೆಲಸಕ್ಕೆ 15 ಅಡಿವರೆಗೆ ಸಡಿಲಿಕೆ ಕೊಟ್ಟು ಕಾನೂನು ಮಾಡಿತು. 2015ರಲ್ಲಿ ಓಶಾ ಅದನ್ನು ತಿರಸ್ಕರಿಸಿತು. ರಾಜ್ಯ ಮತ್ತೆ 6 ಅಡಿಗೆ ಮರಳಿತು. ಕ್ಯಾಲಿಫೋರ್ನಿಯಾದಲ್ಲೂ ಮನೆ ಕೆಲಸಕ್ಕೆ ಬಹಳ ಕಾಲ 15 ಅಡಿಯ ಮಿತಿ ಇತ್ತು. 2025ರ ಜುಲೈ 1ರಿಂದ ಅಲ್ಲಿಯೂ 6 ಅಡಿ. ಹಳೆ ಮೇಸ್ತ್ರಿ ಯಾರಾದರೂ "ಹದಿನೈದು ಅಡಿ ತನಕ ಪರವಾಗಿಲ್ಲ" ಅಂದರೆ ನಂಬಬೇಡಿ.

ಎರಡನೇ ಹೆಜ್ಜೆ: ನಿಮ್ಮ ನೌಕರ ಯಾರು ಅಂತ ಪ್ರಾಮಾಣಿಕವಾಗಿ ಬರೆದುಕೊಳ್ಳಿ

"ನನ್ನ ಹತ್ತಿರ ನೌಕರರೇ ಇಲ್ಲ, ಎಲ್ಲರೂ 1099" ಎನ್ನುವುದು ಈ ವ್ಯಾಪಾರದಲ್ಲಿ ಜಾಸ್ತಿ ಕೇಳುವ ಮಾತು. 1099 ಅಂದರೆ ನೌಕರರಲ್ಲದ ಸ್ವತಂತ್ರ ಗುತ್ತಿಗೆದಾರರಿಗೆ ಕೊಡುವ ತೆರಿಗೆ ಫಾರಂ. ತೆರಿಗೆಗೆ ಯಾವ ಫಾರಂ ಕೊಟ್ಟಿರಿ ಅನ್ನುವುದೊಂದೇ ಓಶಾಗೆ ಸಾಲದು. ಕೆಲಸದ ವೇಳೆ ಯಾರು ಹೇಳುತ್ತಾರೆ? ಸಾಮಾನು ಯಾರದು? ಯಾರು ಬೇಡ ಅಂದರೆ ಅವನು ನಾಳೆ ಬರುವುದಿಲ್ಲ? ಇದಕ್ಕೆಲ್ಲ ಉತ್ತರ ನೀವೇ ಆಗಿದ್ದರೆ ಅವನು ನಿಮ್ಮ ನೌಕರ. ಒಬ್ಬರೇ ಕೆಲಸ ಮಾಡುವ, ಯಾರನ್ನೂ ಇಟ್ಟುಕೊಳ್ಳದ ಸ್ವಂತ ಉದ್ಯೋಗಿಗೆ ಈ ಕಾನೂನು ಅನ್ವಯಿಸುವುದಿಲ್ಲ.

ನಿಜವಾದ ಸಬ್‌ಕಾಂಟ್ರಾಕ್ಟರ್‌ಗೆ ಕೆಲಸ ಕೊಟ್ಟರೂ ಜವಾಬ್ದಾರಿ ಪೂರ್ತಿ ಕಳಚುವುದಿಲ್ಲ. ಒಂದೇ ಜಾಗದಲ್ಲಿ ಹಲವು ಕಂಪನಿಗಳಿದ್ದಾಗ ಅಪಾಯ ಸೃಷ್ಟಿಸಿದವರು, ತಮ್ಮ ಆಳುಗಳನ್ನು ಅದಕ್ಕೆ ಒಡ್ಡಿದವರು, ಸರಿಪಡಿಸಬೇಕಾದವರು, ಇಡೀ ಕೆಲಸ ನಿಯಂತ್ರಿಸುವವರು, ಈ ನಾಲ್ವರಲ್ಲಿ ಯಾರಿಗೆ ಬೇಕಾದರೂ ನೋಟಿಸ್ ಬರಬಹುದು. 1999ರಿಂದ ಇರುವ ನೀತಿ ಇದು. ಟೆಕ್ಸಾಸಿನ ಪ್ಲೇನೊ, ಫ್ರಿಸ್ಕೊ ಕಡೆ ಆಲಿಕಲ್ಲು ಬಿದ್ದ ಮೇಲೆ ಸಾಲುಸಾಲು ಮನೆಗಳ ಕೆಲಸ ಹಿಡಿದು ಬೇರೆ ಬೇರೆ ತಂಡಗಳಿಗೆ ಹಂಚುವವರು ಇದನ್ನು ಮರೆಯಬಾರದು. ವಾರಕ್ಕೊಮ್ಮೆ ಸೈಟಿಗೆ ಹೋಗಿ, ಹಗ್ಗ ಕಟ್ಟಿಲ್ಲದ್ದನ್ನು ನೋಡಿ, ಏನೂ ಹೇಳದೆ ವಾಪಸ್ ಬಂದರೆ ಅದೇ ನಿಮಗೆ ವಿರುದ್ಧವಾದ ಸಾಕ್ಷಿ.

ಸ್ವಂತ ವಾಸದ ಮನೆಗೆ ಕಂಪನಿಯೊಂದನ್ನು ಗೊತ್ತು ಮಾಡಿದ ಮನೆ ಮಾಲೀಕರ ಮೇಲೆ ಓಶಾ ದಂಡ ಬೀಳುವುದಿಲ್ಲ. ಆದರೆ ನಿಮ್ಮ ವ್ಯಾಪಾರದ ಕಟ್ಟಡಕ್ಕೆ ನಾಲ್ಕು ಜನರನ್ನು ದಿನಗೂಲಿಗೆ ಕರೆತಂದು "ಮೇಲೆ ಹತ್ತಿ" ಅಂದರೆ ಆ ದಿನ ನೀವೇ ಉದ್ಯೋಗದಾತರು ಎನಿಸಿಕೊಳ್ಳಬಹುದು.

ಮೂರನೇ ಹೆಜ್ಜೆ: ಅಳತೆ ತೆಗೆಯಲು ಹೋದಾಗಲೇ ವಿಧಾನ ಗೊತ್ತು ಮಾಡಿ

ಕಟ್ಟಡ ಕೆಲಸದಲ್ಲಿ ಕೆಳಗಿನ ಮಟ್ಟಕ್ಕಿಂತ 6 ಅಡಿ ಅಥವಾ ಅದಕ್ಕಿಂತ ಎತ್ತರದಲ್ಲಿ ಯಾರೇ ಇದ್ದರೂ ಬೀಳದಂತೆ ಏರ್ಪಾಡು ಬೇಕು. ಒಂದೇ ಅಂತಸ್ತಿನ ಮನೆಯ ಸೂರಂಚು ಕೂಡ ಸಾಮಾನ್ಯವಾಗಿ ಎಂಟು ಅಡಿ ದಾಟುತ್ತದೆ. ಹಾಗಾಗಿ ನಿಮ್ಮ ಎಲ್ಲ ಕೆಲಸವೂ ಈ ನಿಯಮದೊಳಗೇ ಬರುತ್ತದೆ ಎಂದುಕೊಳ್ಳಿ. ಊರಲ್ಲಿ ಹಂಚು ಹೊದಿಸುವವರು ಬರಿಗಾಲಲ್ಲಿ ಮಾಡಿನ ಮೇಲೆ ಓಡಾಡುವುದನ್ನು ನೋಡಿ ಬೆಳೆದವರಿಗೆ 6 ಅಡಿ ಏನು ಮಹಾ ಅನಿಸಬಹುದು. ತಲೆ ಕೆಳಗಾಗಿ ಕಾಂಕ್ರೀಟಿನ ಮೇಲೆ ಬಿದ್ದವರಿಗೆ ಆ ಎತ್ತರ ಸಾಕು. ಅಂಥ ಸಾವುಗಳು ಪ್ರತಿ ವರ್ಷ ಆಗುತ್ತಿವೆ.

ಕೊಟೇಶನ್‌ಗಾಗಿ ನೀವು ಬರೀ ನೋಡಲು, ಅಳೆಯಲು ಹತ್ತುವಾಗ ಈ ನಿಯಮಕ್ಕೆ ವಿನಾಯಿತಿ ಇದೆ. ಕೆಲಸ ಶುರುವಾಗುವ ಮುಂಚಿನ ಮತ್ತು ಪೂರ್ತಿ ಮುಗಿದ ಮೇಲಿನ ತಪಾಸಣೆಗೆ ಮಾತ್ರ ಅದು. ಮಧ್ಯದಲ್ಲಿ ಹೇಗಾಗಿದೆ ನೋಡಿ ಬರುತ್ತೇನೆ ಎಂದು ಹತ್ತಿದರೆ ವಿನಾಯಿತಿ ಇಲ್ಲ.

ಮೇಲೆ ಹೋದಾಗ ಇಳಿಜಾರು ಅಳೆಯಿರಿ. 12 ಇಂಚು ಅಡ್ಡಕ್ಕೆ 4 ಇಂಚು ಏರಿಕೆ, ಇದೇ ಗಡಿ. ಇದಕ್ಕಿಂತ ಕಡಿದಾಗಿದ್ದರೆ ದಾರಿ ಮೂರೇ: ಕಾಲಡಿಯ ತಡೆಪಟ್ಟಿ ಸಹಿತ ಕಟಕಟೆ, ಬಲೆ, ಅಥವಾ ಹಾರ್ನೆಸ್ ಮತ್ತು ಹಗ್ಗ. ಮನೆ ಕೆಲಸದಲ್ಲಿ ನಡೆಯುವುದು ಬಹುತೇಕ ಹಾರ್ನೆಸ್ಸೇ.

4 ಇಂಚು ಅಥವಾ ಅದಕ್ಕಿಂತ ಕಡಿಮೆ ಇಳಿಜಾರಿನ ಚಾವಣಿಗೆ, ಅಂದರೆ ಗೋದಾಮು, ಅಂಗಡಿ ಸಾಲುಗಳಂಥ ಚಪ್ಪಟೆ ಚಾವಣಿಗೆ, ಇನ್ನೂ ಕೆಲವು ದಾರಿಗಳಿವೆ. ಅಂಚಿನಿಂದ ಕನಿಷ್ಠ 6 ಅಡಿ ಒಳಗೆ ಎಚ್ಚರಿಕೆ ಹಗ್ಗ ಕಟ್ಟಬಹುದು. ಅದರ ಎತ್ತರ 34ರಿಂದ 39 ಇಂಚು, ಆರಾರು ಅಡಿಗೆ ಬಾವುಟ. ಯಂತ್ರ ಓಡಿಸುವುದಾದರೆ ಅದು ಚಲಿಸುವ ದಿಕ್ಕಿಗೆ ಎದುರಾಗಿರುವ ಅಂಚಿನಲ್ಲಿ 10 ಅಡಿ ಬಿಡಬೇಕು. ಹಗ್ಗದಾಚೆ ಕೆಲಸ ಇದ್ದರೆ ಹಗ್ಗವೊಂದೇ ಸಾಲದು. ಅಲ್ಲಿ ಹಾರ್ನೆಸ್, ಕಟಕಟೆ, ಬಲೆ ಅಥವಾ ಕಾವಲಿಗೆ ಒಬ್ಬ ಬೇಕು.

ಈ ಕಾವಲುಗಾರನ ವಿಷಯದಲ್ಲಿ ತುಂಬ ಜನ ಎಡವುತ್ತಾರೆ. 50 ಅಡಿ ಅಥವಾ ಅದಕ್ಕಿಂತ ಕಡಿಮೆ ಅಗಲದ ಚಪ್ಪಟೆ ಚಾವಣಿಯಲ್ಲಿ ಬರೀ ಕಾವಲುಗಾರನನ್ನು ನಿಲ್ಲಿಸಿ ಕೆಲಸ ಮಾಡಲು ನಿಯಮ ಬಿಡುತ್ತದೆ. ಆದರೆ ಅವನು ಅಪಾಯ ಗುರುತಿಸಬಲ್ಲವನಾಗಿರಬೇಕು. ಅದೇ ಚಾವಣಿ ಮೇಲೆ, ಕೆಲಸಗಾರರು ಕಣ್ಣಿಗೆ ಕಾಣುವಂತೆ, ಕೂಗಿದರೆ ಕೇಳುವಷ್ಟು ಹತ್ತಿರ ಇರಬೇಕು. ಗಮನ ಬೇರೆಡೆ ಎಳೆಯುವ ಯಾವ ಕೆಲಸವೂ ಅವನಿಗೆ ಇರಬಾರದು. ಕೈಯಲ್ಲಿ ನೇಲ್ ಗನ್ ಹಿಡಿದ ಕಾವಲುಗಾರ ಕಾವಲುಗಾರನೇ ಅಲ್ಲ. ನನ್ನನ್ನು ಕೇಳಿದರೆ, ನಿಯಮ ಬಿಟ್ಟರೂ ಈ ದಾರಿ ಹಿಡಿಯಬೇಡಿ. ಜಾರುವವನನ್ನು ಕೂಗು ಹಿಡಿದು ನಿಲ್ಲಿಸುವುದಿಲ್ಲ.

ಇನ್ನೊಂದು ಹಳೆಯ ಅಭ್ಯಾಸ, ಇಳಿಜಾರಿಗೆ ಮರದ ಪಟ್ಟಿ ಹೊಡೆದು ಅದನ್ನೇ ಆಸರೆ ಮಾಡಿಕೊಳ್ಳುವುದು. 1990ರ ದಶಕದ ತಾತ್ಕಾಲಿಕ ಮಾರ್ಗಸೂಚಿ ಮನೆ ಕೆಲಸಕ್ಕೆ ಇದನ್ನು ಒಪ್ಪಿತ್ತು. 2010ರ ಡಿಸೆಂಬರ್‌ನಲ್ಲಿ ಓಶಾ ಅದನ್ನು ಹಿಂದಕ್ಕೆ ಪಡೆಯಿತು. ಈಗ ಕಾಲಿಡಲು ಪಟ್ಟಿ ಹೊಡೆದುಕೊಳ್ಳಿ, ಆದರೆ ಅದರ ಜೊತೆಗೆ ಹಗ್ಗವೂ ಬೇಕು. "ಈ ಮನೆಯಲ್ಲಿ ಹಗ್ಗ ಕಟ್ಟಲು ಸಾಧ್ಯವೇ ಇಲ್ಲ" ಎಂದು ವಾದಿಸುವುದಾದರೆ ಸಾಬೀತು ಮಾಡುವ ಹೊಣೆ ನಿಮ್ಮದು. ಅರ್ಹ ವ್ಯಕ್ತಿಯೊಬ್ಬರು ಆ ಸೈಟಿಗೆಂದೇ ಬರೆದ ಯೋಜನೆ ಕೈಯಲ್ಲಿರಬೇಕು.

ಇಷ್ಟೆಲ್ಲ ನೋಡಿದ ಮೇಲೆ ಕೊಟೇಶನ್‌ನಲ್ಲಿ ಸುರಕ್ಷತೆಗೆ ಒಂದು ಪ್ರತ್ಯೇಕ ಸಾಲು ಹಾಕಿ. ಎಷ್ಟು ಆಂಕರ್, ಎಷ್ಟು ಹಗ್ಗ, ಕಟ್ಟಿ ಬಿಚ್ಚಲು ಎಷ್ಟು ಹೊತ್ತು. ಗ್ರಾಹಕರು ಕೇಳಿದರೆ ಧೈರ್ಯವಾಗಿ ವಿವರಿಸಿ. ಆ ಸಾಲು ಇಲ್ಲದ ಅಗ್ಗದ ಕೊಟೇಶನ್‌ನಲ್ಲಿ ಉಳಿದ ಹಣ ಯಾರ ಜೀವದ ಮೇಲಿನದು ಎಂದು ಅವರಿಗೂ ಗೊತ್ತಾಗಲಿ.

ನಾಲ್ಕನೇ ಹೆಜ್ಜೆ: ಹಾರ್ನೆಸ್ ಕೆಲಸ ಮಾಡುವ ಹಾಗೆ ಕಟ್ಟಿ

ಹಾರ್ನೆಸ್ ತೊಟ್ಟವರೂ ಬಿದ್ದು ಸಾಯುತ್ತಾರೆ. ಕಾರಣ ಸಾಮಾನ್ಯವಾಗಿ ಆಂಕರ್ ಅಥವಾ ಹಗ್ಗದ ಉದ್ದ.

ಆಂಕರ್ ಒಬ್ಬ ಕೆಲಸಗಾರನಿಗೆ 5,000 ಪೌಂಡ್ ತಡೆಯಬೇಕು. ಇಲ್ಲವೇ ಅರ್ಹ ವ್ಯಕ್ತಿಯ ಮೇಲ್ವಿಚಾರಣೆಯಲ್ಲಿ ಎರಡು ಪಟ್ಟು ಸುರಕ್ಷತೆಯ ಲೆಕ್ಕ ಹಾಕಿ ಮಾಡಿದ್ದಿರಬೇಕು. ಬರೀ ಹಲಗೆಗೆ ಹೊಡೆದ ಆಂಕರ್‌ಗೆ ಆ ಬಲ ಬರುವುದಿಲ್ಲ. ಕೆಳಗಿನ ತೊಲೆ ಹುಡುಕಿ, ತಯಾರಕರು ಹೇಳಿದ ಮೊಳೆಯನ್ನು ಹೇಳಿದಷ್ಟೇ ಸಂಖ್ಯೆಯಲ್ಲಿ ಹೊಡೆಯಿರಿ. ಹಳೆ ಶಿಂಗಲ್ (ಚಾವಣಿಗೆ ಹೊದಿಸುವ ಹಾಳೆ) ಕಿತ್ತಾಗ ಹಲಗೆ ಕೊಳೆತಿದೆಯೇ ನೋಡಿ. ಚಾವಣಿ ಜನರ ಭಾರ ತಡೆಯುತ್ತದೆಯೇ ಎಂದು ಮೊದಲೇ ಖಚಿತ ಮಾಡಿಕೊಳ್ಳುವುದೂ ನಿಯಮದಲ್ಲೇ ಇದೆ.

ಈಗ ಉದ್ದದ ಲೆಕ್ಕ. ನಿಯಮದ ಪ್ರಕಾರ ಮುಕ್ತವಾಗಿ ಬೀಳುವ ದೂರ 6 ಅಡಿ ಮೀರಬಾರದು. ಹಗ್ಗ ಹಿಡಿದು ನಿಲ್ಲಿಸುವಷ್ಟರಲ್ಲಿ ಇನ್ನೂ 3.5 ಅಡಿ ಎಳೆಯಬಹುದು. ಬೆನ್ನಿನ ಕೊಂಡಿಯಿಂದ ಪಾದದವರೆಗೆ ಸುಮಾರು 5 ಅಡಿ. ಇವನ್ನು ಕೂಡಿಸಿ, ಸ್ವಲ್ಪ ಅಂತರವನ್ನೂ ಬಿಟ್ಟರೆ 16 ಅಡಿ ದಾಟುತ್ತದೆ. ನಿಮ್ಮ ಸೂರಂಚು ಇರುವುದು ಹತ್ತು ಅಡಿಯಲ್ಲಿ. ಸಡಿಲ ಹಗ್ಗ ಬಿಟ್ಟುಕೊಂಡವನು ಹಗ್ಗ ಬಿಗಿಯುವ ಮೊದಲೇ ನೆಲ ಮುಟ್ಟುತ್ತಾನೆ, ಅಲ್ವಾ? ಆದ್ದರಿಂದ ಕಡಿಮೆ ಎತ್ತರದ ಮನೆಯಲ್ಲಿ ಶಿಖರಕ್ಕೆ ಆಂಕರ್ ಹಾಕಿ, ಹಾರ್ನೆಸ್ಸನ್ನು ಹಗ್ಗಕ್ಕೆ ಸೇರಿಸುವ ಹಿಡಿಕೆಯನ್ನು (ರೋಪ್ ಗ್ರ್ಯಾಬ್) ಆಗಾಗ ಸರಿಸಿ, ಕೆಲಸಗಾರ ಅಂಚು ದಾಟಲಾಗದಷ್ಟು ಹಗ್ಗವನ್ನು ಗಿಡ್ಡ ಇಡಿ. ಆಂಕರ್‌ನಿಂದ ಪಕ್ಕಕ್ಕೆ ದೂರ ಹೋದರೂ ಕಷ್ಟ. ಜಾರಿದಾಗ ದೇಹ ಓಲಾಡಿ ಗೋಡೆಗೆ ಬಡಿಯುತ್ತದೆ. ಉದ್ದದ ಚಾವಣಿಗೆ ಎರಡು ಮೂರು ಆಂಕರ್ ಹಾಕಿ.

ಸೊಂಟಕ್ಕೆ ಕಟ್ಟುವ ಬೆಲ್ಟನ್ನು ಬೀಳುವವರನ್ನು ಹಿಡಿಯಲು ಬಳಸುವುದು 1998ರಿಂದ ನಿಷಿದ್ಧ. ಹಾರ್ನೆಸ್ಸನ್ನು ಪ್ರತಿ ಸಲ ಹಾಕುವ ಮುಂಚೆ ನೋಡಬೇಕು. ಒಮ್ಮೆ ಬಿದ್ದವರನ್ನು ತಡೆದ ಸಾಮಾನನ್ನು ಪಕ್ಕಕ್ಕಿಡಿ. ಬಲ್ಲವರು ಪರೀಕ್ಷಿಸಿ ಒಪ್ಪುವವರೆಗೆ ಮತ್ತೆ ಬಳಸುವಂತಿಲ್ಲ. 2025ರ ಜನವರಿ 13ರಿಂದ, ರಕ್ಷಣಾ ಸಾಮಾನು ತೊಡುವವರ ಮೈಗೆ ಸರಿಯಾಗಿ ಕೂರಬೇಕು ಎಂಬ ಮಾತು ಕಟ್ಟಡ ನಿಯಮದಲ್ಲೇ ಸೇರಿದೆ. ಇದನ್ನೆಲ್ಲ ಕೊಳ್ಳುವ ಖರ್ಚು ನಿಮ್ಮದು. ಕೂಲಿಯಲ್ಲಿ ಮುರಿದುಕೊಳ್ಳುವಂತಿಲ್ಲ.

ಬಿದ್ದು ಹಗ್ಗದಲ್ಲಿ ನೇತಾಡುತ್ತಿರುವವರನ್ನು ತಕ್ಷಣ ಇಳಿಸುವ ಏರ್ಪಾಡೂ ನಿಮ್ಮ ಹೊಣೆ. ಕಾಲಿಗೆ ರಕ್ತ ಇಳಿದು ನಿಂತರೆ ಹೊತ್ತು ಕಳೆದಂತೆ ಜೀವಕ್ಕೆ ಅಪಾಯ. ಇಳಿಸಲು ಸಾಕಷ್ಟು ಉದ್ದದ ಏಣಿ ಸೈಟಿನಲ್ಲಿ ಇದೆಯೇ? ಯಾರು ಹೋಗುತ್ತಾರೆ? ಬೆಳಿಗ್ಗೆಯೇ ಹೆಸರು ಹಿಡಿದು ಹೇಳಿಡಿ.

ಐದನೇ ಹೆಜ್ಜೆ: ತೂತು, ಏಣಿ, ತಂತಿ

ಸ್ಕೈಲೈಟ್, ಅಂದರೆ ಬೆಳಕಿಗೆಂದು ಚಾವಣಿಯಲ್ಲಿ ಇಟ್ಟ ಕಿಟಕಿ, ಗಟ್ಟಿಯಾಗಿ ಕಾಣುತ್ತದೆ. ಹಳೆಯ ಪ್ಲಾಸ್ಟಿಕ್ ಗುಮ್ಮಟದ ಮೇಲೆ ಕೂತವರು, ಹಿಮ್ಮುಖವಾಗಿ ನಡೆದು ಕಾಲಿಟ್ಟವರು ನೇರ ಕೆಳಗಿನ ನೆಲಕ್ಕೆ ಬಿದ್ದಿದ್ದಾರೆ. ಕಾನೂನಿನ ಕಣ್ಣಲ್ಲಿ ಅದು ತೂತು. ಮೇಲೆ ಬರುವ ಜನ, ಸಾಮಾನುಗಳ ಭಾರದ ಎರಡು ಪಟ್ಟು ತಡೆಯುವ ಮುಚ್ಚಳ ಹಾಕಿ, ಗಾಳಿಗೆ ಜರುಗದಂತೆ ಬಿಗಿದು, ಬಣ್ಣ ಬಳಿದು ಅಥವಾ ದೊಡ್ಡದಾಗಿ ಬರೆದು ಗುರುತು ಮಾಡಿ. ಇಲ್ಲದಿದ್ದರೆ ಸುತ್ತ ಕಟಕಟೆ ಹಾಕಿ.

ಏಣಿ ಚಾವಣಿ ಅಂಚಿಗಿಂತ 3 ಅಡಿ ಮೇಲೆ ಚಾಚಿರಬೇಕು. ನಾಲ್ಕು ಅಡಿ ಎತ್ತರಕ್ಕೆ ಒಂದು ಅಡಿ ಬುಡ ಹೊರಗೆ. ಮೇಲ್ತುದಿ ಕಟ್ಟಿ. ಹತ್ತಿರ ವಿದ್ಯುತ್ ತಂತಿ ಇದ್ದರೆ ಅಲ್ಯುಮಿನಿಯಂ ಏಣಿ ತರಲೇಬೇಡಿ, ಫೈಬರ್‌ಗ್ಲಾಸ್ ತನ್ನಿ.

ಆರನೇ ಹೆಜ್ಜೆ: ತರಬೇತಿ ಅವರ ಭಾಷೆಯಲ್ಲಿ

ಬೀಳುವ ಅಪಾಯ ಇರುವ ಪ್ರತಿಯೊಬ್ಬರಿಗೂ ತರಬೇತಿ ಕೊಟ್ಟು, ಹೆಸರು, ದಿನಾಂಕ, ತರಬೇತಿ ಕೊಟ್ಟವರ ಅಥವಾ ಮಾಲೀಕರ ಸಹಿ ಇರುವ ಪತ್ರ ಇಡಬೇಕು. ಕೆಲಸಗಾರರಿಗೆ ಅರ್ಥವಾಗುವ ಭಾಷೆಯಲ್ಲೇ ಅದು ನಡೆಯಬೇಕು ಎಂದು 2010ರಲ್ಲಿ ಓಶಾ ಸ್ಪಷ್ಟಪಡಿಸಿದೆ. ಅಮೆರಿಕದ ರೂಫಿಂಗ್ ತಂಡಗಳಲ್ಲಿ ಸ್ಪ್ಯಾನಿಷ್ ಮಾತಾಡುವವರು ಬಹಳ. ಇಂಗ್ಲಿಷ್ ಹಾಳೆಗೆ ಸಹಿ ಹಾಕಿಸಿಕೊಂಡರೆ ಅದು ತರಬೇತಿ ಅಲ್ಲ. ನೆಲದ ಮೇಲೆ ಹಾರ್ನೆಸ್ ತೊಡಿಸಿ, ಹಿಡಿಕೆ ಸರಿಸಿ ತೋರಿಸಿ, ನಂತರ ಅವರಿಂದಲೇ ಮಾಡಿಸಿ.

ನಿಯಮ ಮುರಿದವರನ್ನು ಸುಮ್ನೆ ಬಿಡಬೇಡಿ. ಮುಂದೆ ನೋಟಿಸ್ ಬಂದಾಗ "ನಾನು ಹೇಳಿದ್ದೆ, ಅವನೇ ಕೇಳಲಿಲ್ಲ" ಎನ್ನಬೇಕಾದರೆ ನಾಲ್ಕು ಸಂಗತಿ ತೋರಿಸಬೇಕು: ನಿಯಮ ಇತ್ತು, ಅದನ್ನು ಎಲ್ಲರಿಗೂ ತಿಳಿಸಿದ್ದಿರಿ, ಪಾಲಿಸುತ್ತಿದ್ದಾರೆಯೇ ನೋಡುತ್ತಿದ್ದಿರಿ, ಮುರಿದವರ ಮೇಲೆ ನಿಜವಾಗಿ ಕ್ರಮ ತೆಗೆದುಕೊಂಡಿದ್ದಿರಿ. ನಾಲ್ಕನೆಯದಕ್ಕೆ ದಾಖಲೆ ಇಲ್ಲದೆ ಸೋತವರೇ ಜಾಸ್ತಿ.

ಏಳನೇ ಹೆಜ್ಜೆ: ಧೂಳು ಮತ್ತು ಬಿಸಿಲು

ಕಾಂಕ್ರೀಟ್ ಅಥವಾ ಮಣ್ಣಿನ ಹಂಚು ಕತ್ತರಿಸಿದರೆ ಶ್ವಾಸಕೋಶ ಹಾಳುಮಾಡುವ ಸಿಲಿಕಾ ಧೂಳು ಏಳುತ್ತದೆ. ಎಂಟು ಗಂಟೆಯ ಸರಾಸರಿಯಲ್ಲಿ ಘನ ಮೀಟರ್ ಗಾಳಿಗೆ 50 ಮೈಕ್ರೋಗ್ರಾಂ ಮಿತಿ. ಕಟ್ಟಡ ಕೆಲಸಕ್ಕೆ 2017ರ ಸೆಪ್ಟೆಂಬರ್‌ನಿಂದ ಇದು ಜಾರಿಯಲ್ಲಿದೆ. ನೀರು ಹರಿಯುವ ಗರಗಸ ಬಳಸಿ. ಮೇಲೆ ನೀರು ಚೆಲ್ಲಿದರೆ ಜಾರುತ್ತದೆ, ಆದ್ದರಿಂದ ಆದಷ್ಟು ಕೆಳಗೇ ಕತ್ತರಿಸಿ. ಹಳೆ ಕಟ್ಟಡದ ಚಾವಣಿಯಲ್ಲಿ ಆಸ್ಬೆಸ್ಟಾಸ್ ಇದ್ದರೆ ಅದಕ್ಕೆ ಬೇರೆಯೇ ನಿಯಮ. ಕಿತ್ತದ್ದನ್ನು ಮೇಲಿಂದ ಎಸೆಯುವಂತೆಯೇ ಇಲ್ಲ. ಕೀಳುವ ಮುಂಚೆ ಪರೀಕ್ಷೆ ಮಾಡಿಸಿ.

ಬಿಸಿಲಿಗೆಂದೇ ಒಂದು ಫೆಡರಲ್ ನಿಯಮದ ಕರಡನ್ನು 2024ರ ಆಗಸ್ಟ್‌ನಲ್ಲಿ ಪ್ರಕಟಿಸಿದರು. ಅದರ ಪ್ರಕಾರ ತಾಪ ಸೂಚ್ಯಂಕ (ಬಿಸಿ ಮತ್ತು ಗಾಳಿಯ ತೇವ ಸೇರಿಸಿದ ಅಳತೆ) 80 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದಾಗ ನೀರು, ನೆರಳು. 90 ಮುಟ್ಟಿದಾಗ ಎರಡು ಗಂಟೆಗೊಮ್ಮೆ 15 ನಿಮಿಷ ವಿರಾಮ. ಕರಡೇ ತಾನೆ ಎಂದು ಕಾಯಬೇಡಿ. ಗೊತ್ತಿರುವ ಗಂಭೀರ ಅಪಾಯದಿಂದ ನೌಕರರನ್ನು ಕಾಪಾಡಬೇಕು ಎಂಬ ಮೂಲ ಕಾನೂನಿನ ಸಾಮಾನ್ಯ ಕರ್ತವ್ಯದ ಕಲಂ ಅಡಿಯಲ್ಲಿ ಈಗಲೂ ನೋಟಿಸ್ ಬರುತ್ತದೆ. ಕಪ್ಪು ಶಿಂಗಲ್ ಮೇಲೆ ಮೊದಲ ದಿನ ಬಂದ ಹೊಸಬರಿಗೆ ಪೂರ್ತಿ ಹೊತ್ತು ಕೆಲಸ ಕೊಡಬೇಡಿ. ಮೊದಲ ದಿನ ಐದನೇ ಒಂದು ಭಾಗ, ಆಮೇಲೆ ದಿನದಿನಕ್ಕೆ ಹೆಚ್ಚಿಸಿ ಎನ್ನುವುದು ತಜ್ಞರ ಸಲಹೆ.

ಎಂಟನೇ ಹೆಜ್ಜೆ: ಅಪಘಾತ ಆದರೆ

ಸಾವಾದರೆ 8 ಗಂಟೆಯೊಳಗೆ ಓಶಾಗೆ ತಿಳಿಸಬೇಕು. ಚಿಕಿತ್ಸೆಗೆ ಒಬ್ಬರೇ ಆಸ್ಪತ್ರೆಗೆ ದಾಖಲಾದರೂ, ಅಂಗ ಕಳೆದುಕೊಂಡರೂ, ಕಣ್ಣು ಹೋದರೂ 24 ಗಂಟೆ. ದೂರವಾಣಿ 1-800-321-6742. ನೌಕರರು ಇಬ್ಬರೇ ಇದ್ದರೂ ಇದು ಕಡ್ಡಾಯ. ಗಾಯಗಳ ದಾಖಲೆ ಪುಸ್ತಕದಿಂದ ವಿನಾಯಿತಿ ಇರುವುದು, ಹಿಂದಿನ ವರ್ಷ ಯಾವತ್ತೂ 10ಕ್ಕಿಂತ ಹೆಚ್ಚು ನೌಕರರು ಇಲ್ಲದಿದ್ದ ಕಂಪನಿಗೆ. ಉಳಿದವರು ಓಶಾ 300 ಫಾರಂ ತುಂಬಬೇಕು. ಅದರ ಸಾರಾಂಶವನ್ನು ಫೆಬ್ರವರಿ 1ರಿಂದ ಏಪ್ರಿಲ್ 30ರವರೆಗೆ ಎಲ್ಲರಿಗೂ ಕಾಣುವಂತೆ ಅಂಟಿಸಬೇಕು.

ದೂರು ಕೊಟ್ಟ ನೌಕರರನ್ನು ತೆಗೆದುಹಾಕಬೇಡಿ, ಪಾಳಿ ಕಡಿಮೆ ಮಾಡಬೇಡಿ. ಅದು ಪ್ರತ್ಯೇಕ ಅಪರಾಧ. ಹಾಗೆ ಸೇಡು ತೀರಿಸಿಕೊಂಡರೆ ಅದರ ವಿರುದ್ಧ ದೂರು ಕೊಡಲು ಅವರಿಗೆ 30 ದಿನ ಇರುತ್ತದೆ.

ಒಂಬತ್ತನೇ ಹೆಜ್ಜೆ: ಇನ್‌ಸ್ಪೆಕ್ಟರ್ ಬಂದಾಗ

2023ರ ಮೇ ತಿಂಗಳಿಂದ ಬೀಳುವ ಅಪಾಯಕ್ಕೆಂದೇ ರಾಷ್ಟ್ರಮಟ್ಟದ ತಪಾಸಣಾ ಕಾರ್ಯಕ್ರಮ ಇದೆ. ದಾರಿಯಲ್ಲಿ ಹೋಗುವ ಅಧಿಕಾರಿಗೆ ಚಾವಣಿ ಮೇಲೆ ಹಗ್ಗವಿಲ್ಲದವರು ಕಂಡರೆ ಸಾಕು, ತಪಾಸಣೆ ಶುರು ಮಾಡಬಹುದು. ಚಾವಣಿ ಎಲ್ಲರಿಗೂ ಕಾಣುವ ಜಾಗ ತಾನೆ. ವಾರಂಟ್ ಕೇಳುವ ಹಕ್ಕು ನಿಮಗಿದೆ. 1978ರಲ್ಲಿ ಸುಪ್ರೀಂ ಕೋರ್ಟೇ ಹಾಗೆ ಹೇಳಿದೆ. ಆದರೆ ಕಂಡದ್ದರ ಫೋಟೊ ಅವರು ರಸ್ತೆಯಿಂದಲೇ ತೆಗೆದಿರುತ್ತಾರೆ. ಗುರುತು ಪತ್ರ ನೋಡಿ, ಮರ್ಯಾದೆಯಿಂದ ಮಾತಾಡಿ, ಜೊತೆಗೇ ಓಡಾಡಿ, ಅವರು ತೆಗೆದ ಫೋಟೊಗಳನ್ನೇ ನೀವೂ ತೆಗೆಯಿರಿ. ತಿದ್ದಬಹುದಾದದ್ದನ್ನು ಅವರ ಎದುರೇ ತಿದ್ದಿ.

2025ರ ಜನವರಿಯಲ್ಲಿ ನಿಗದಿಯಾದಂತೆ ಗಂಭೀರ ಉಲ್ಲಂಘನೆಗೆ ಗರಿಷ್ಠ ದಂಡ 16,550 ಡಾಲರ್. ಗೊತ್ತಿದ್ದೂ ಮಾಡಿದರೆ ಅಥವಾ ಮತ್ತೆ ಮಾಡಿದರೆ 1,65,514 ಡಾಲರ್. ಹಣದುಬ್ಬರಕ್ಕೆ ತಕ್ಕಂತೆ ದಂಡ ಏರಿಸಬೇಕೆಂದು 2015ರಲ್ಲಿ ಅಮೆರಿಕದ ಸಂಸತ್ತು (ಕಾಂಗ್ರೆಸ್) ಮಾಡಿದ ಕಾನೂನಿನಿಂದ ಈ ಮೊತ್ತ ಇಲ್ಲಿಗೆ ಬಂತು. ಅದಕ್ಕೂ ಮುಂಚೆ 7,000 ಮತ್ತು 70,000 ಇತ್ತು. 2025ರ ಜುಲೈನಲ್ಲಿ ಬದಲಾದ ನೀತಿಯಲ್ಲಿ 25 ನೌಕರರವರೆಗಿನ ಕಂಪನಿಗೆ 70 ಪ್ರತಿಶತದವರೆಗೆ ಕಡಿತ ಸಿಗಬಹುದು. ಬೇಕೆಂದೇ ನಿಯಮ ಮುರಿದು ಸಾವಾದರೆ ದಂಡದ ಜೊತೆಗೆ ಆರು ತಿಂಗಳವರೆಗೆ ಜೈಲೂ ಇದೆ.

ನೋಟಿಸ್ ಕೈಗೆ ಬಂದ ದಿನವೇ ಕ್ಯಾಲೆಂಡರ್ ತೆಗೆಯಿರಿ. 15 ಕೆಲಸದ ದಿನಗಳೊಳಗೆ ಲಿಖಿತವಾಗಿ ಆಕ್ಷೇಪಿಸದಿದ್ದರೆ ಅದೇ ಅಂತಿಮ ಆದೇಶ. ಅಷ್ಟರೊಳಗೆ ಸ್ಥಳೀಯ ಕಚೇರಿಯ ಮುಖ್ಯಸ್ಥರ ಜೊತೆ ಅನೌಪಚಾರಿಕ ಸಭೆ ಕೇಳಬಹುದು. ಸಭೆ ಕೇಳಿದ ಮಾತ್ರಕ್ಕೆ ಗಡುವು ಮುಂದೆ ಹೋಗುವುದಿಲ್ಲ. ತಪ್ಪು ಸರಿಪಡಿಸಿದ್ದನ್ನು ತೋರಿಸುವ ಫೋಟೊ, ಕೊಂಡ ಸಾಮಾನಿನ ರಸೀದಿ, ತರಬೇತಿ ಪತ್ರ ತೆಗೆದುಕೊಂಡು ಹೋಗಿ. ದಂಡ ಇಳಿಯುವುದು, ವರ್ಗೀಕರಣ ಬದಲಾಗುವುದು ಬಹಳ ಸಲ ಅಲ್ಲೇ.

ಇನ್ನೂ ನೋಟಿಸ್ ಬಂದಿಲ್ಲವಾದರೆ

ಪ್ರತಿ ರಾಜ್ಯದಲ್ಲೂ ಸಣ್ಣ ಕಂಪನಿಗಳಿಗೆ ಓಶಾದ ಉಚಿತ ಸಲಹಾ ಕಾರ್ಯಕ್ರಮ ಇದೆ. ನೀವೇ ಕರೆ ಮಾಡಿ ಕೇಳಬೇಕು. ಸಲಹೆಗಾರರು ಸೈಟಿಗೆ ಬಂದು ನೋಡುತ್ತಾರೆ, ವರದಿ ಗುಟ್ಟಾಗಿರುತ್ತದೆ, ದಂಡ ಹಾಕುವುದಿಲ್ಲ. ಷರತ್ತು ಒಂದೇ: ಅವರು ಕಂಡುಹಿಡಿದ ಗಂಭೀರ ಅಪಾಯಗಳನ್ನು ಒಪ್ಪಿದ ದಿನದೊಳಗೆ ಸರಿಪಡಿಸಬೇಕು. ಕೆಲಸ ಕಡಿಮೆ ಇರುವ ಚಳಿಗಾಲದಲ್ಲೇ ಕೇಳಿಕೊಂಡರೆ, ಆಲಿಕಲ್ಲು ಮಳೆಯ ಸೀಸನ್ ಶುರುವಾಗುವ ಹೊತ್ತಿಗೆ ನಿಮ್ಮ ಸಾಮಾನು, ತರಬೇತಿ, ಕಾಗದ ಪತ್ರ ಮೂರೂ ಸಿದ್ಧವಾಗಿರುತ್ತವೆ.